ಆಟಿಸಂ ಇರೋ ಮಗನ ಹಲ್ಲಿಗೆ ಲಾಫಿಂಗ್ ಗ್ಯಾಸಾ, ಕ್ಲಿನಿಕ್ಕಲ್ಲೇ ಸೆಡೇಷನ್ನಾ, ಇಲ್ಲ ಆಸ್ಪತ್ರೆಲಿ ಫುಲ್ ಅನಸ್ತೇಶಿಯಾನಾ?

ಹಾಸನದ_ಅಮ್ಮ

ಎಲ್ರಿಗೂ ನಮಸ್ಕಾರ. ನನ್ ಮಗನಿಗೆ 7 ವರ್ಷ, ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ, ಏನಾದ್ರೂ ಬೇಕಂದ್ರೆ ಕೈ ಹಿಡ್ಕೊಂಡು ಎಳ್ಕೊಂಡ್ ಹೋಗಿ ತೋರಿಸ್ತಾನೆ. 20 ಕೆಜಿ ಇದಾನೆ. ಮೊದ್ಲು ಫಿಟ್ಸ್ ಬರ್ತಿತ್ತು, ಈಗ ವ್ಯಾಲ್ಪ್ರೊಯೇಟ್ ಸಿರಪ್ ಕೊಡ್ತಾ ಇರೋದ್ರಿಂದ ಕಂಟ್ರೋಲಲ್ಲಿದೆ. ಇತ್ತೀಚೆಗೆ ಎಡಗೆನ್ನೆಗೆ ತಾನೇ ಹೊಡ್ಕೊಳೋದು, ಊಟಕ್ಕೆ ಕೂತೋನು ಎರಡ್ ತುತ್ತಿಗೇ ಎದ್ದು ಓಡೋದು, ರಾತ್ರಿ ಎಲ್ಲಾ ಎದ್ದು ಕೂತಿರೋದು ಶುರುವಾಯ್ತು. ಥೆರಪಿ ಮೇಡಂ ಒಂದ್ಸಲ ಹಲ್ಲು ತೋರಿಸ್ಬಿಡಿ ಅಂದ್ರು, ಹೋದ್ರೆ 8 ಹಲ್ಲು ಹುಳುಕಾಗಿದೆ, ಅದ್ರಲ್ಲಿ ಎರಡರ ಬುಡದಲ್ಲಿ ಕೀವು.

ಈಗ ತಲೆ ಕೆಟ್ಟಿರೋದು ಏನಕ್ಕೆ ಅಂದ್ರೆ ಮೂರು ಕಡೆ ಮೂರು ಥರ ಹೇಳ್ತಾರೆ. ಇಲ್ಲಿನ ಡಾಕ್ಟ್ರು ಲಾಫಿಂಗ್ ಗ್ಯಾಸ್ ಕೊಟ್ಟು ಒಂದೊಂದ್ ಸಿಟ್ಟಿಂಗ್‌ಗೆ ಎರಡೆರಡು ಹಲ್ಲು ಮಾಡೋಣ ಅಂತಾರೆ. ಬೆಂಗಳೂರಲ್ಲಿ ಒಂದು ಕ್ಲಿನಿಕ್‌ನೋರು ಅನಸ್ತೇಶಿಯಾ ಡಾಕ್ಟ್ರನ್ನ ಅಲ್ಲಿಗೇ ಕರೆಸಿ ಕೈಗೆ ಸೂಜಿ ಹಾಕಿ ಮಲಗಿಸ್ತೀವಿ, ಅದಕ್ಕೆ ಸೆಡೇಷನ್ ಅಂತಾರೆ, ಒಂದೇ ದಿನ ಮುಗಿಯುತ್ತೆ, ಅಡ್ಮಿಷನ್ ಏನೂ ಬೇಡ ಅಂದ್ರು. ಮೆಡಿಕಲ್ ಕಾಲೇಜಲ್ಲಿ ಕೇಳಿದ್ರೆ ಈ ಮಗುಗೆ ಫುಲ್ ಜಿಎನೇ (ಜನರಲ್ ಅನಸ್ತೇಶಿಯಾ, ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸೋದು) ಸರಿ, ಓಟಿಲಿ (ಆಪರೇಷನ್ ಥಿಯೇಟರಲ್ಲಿ) ಮಾಡೋಣ ಅಂತ. ನಮ್ಮತ್ತೆದು ನಾಲ್ಕನೇದು, ಹಾಲು ಹಲ್ಲು ತಾನೆ, ನಾಲ್ಕ್ ಜನ ಗಟ್ಟಿಯಾಗಿ ಹಿಡ್ಕೊಂಡು ಕೀಳಿಸ್ಬಿಡಿ, ನಮ್ ಕಾಲದಲ್ಲಿ ಎಲ್ಲಾ ಹಂಗೇ ಅಂತ. ನಮ್ಮೆಜಮಾನ್ರಿಗೆ ಜಿಎ ಅಂದ್ರೇನೇ ಭಯ, ಯಾರೋ ಹೇಳಿದಾರಂತೆ ಮೆದುಳಿಗೆ ಎಫೆಕ್ಟ್ ಆಗುತ್ತೆ, ಬರ್ಬೇಕಾಗಿರೋ ಮಾತೂ ಬರಲ್ಲ ಅಂತ. ಅವ್ನು ಬಾಯಲ್ಲಿ ಬ್ರಷ್ಷೇ ಇಡೋಕೆ ಬಿಡಲ್ಲ, ಎಕ್ಸ್‌ರೇನೂ ತೆಗೆಯೋಕ್ಕಾಗಿಲ್ಲ. ಇಂಥ ಮಕ್ಳಿಗೆ ಮಾಡ್ಸಿರೋರು ಯಾರಾದ್ರೂ ಇದ್ರೆ, ಡಾಕ್ಟ್ರುಗಳೂ ಇದ್ರೆ, ದಯವಿಟ್ಟು ಹೇಳಿ.

ಅವಳಿ_ಮಕ್ಳಮ್ಮ

ಅಕ್ಕ, ನನ್ ಇಬ್ರಲ್ಲಿ ಒಬ್ನಿಗೆ ಆಟಿಸಂ, ನಿಮ್ಮ ಮಗನ ಥರಾನೇ. ಲಾಫಿಂಗ್ ಗ್ಯಾಸ್ ನಾವೂ ನೋಡಿದ್ವಿ. ಅದು ಪ್ರಜ್ಞೆ ತಪ್ಪಿಸೋ ಗ್ಯಾಸ್ ಅಂತ ಜನ ಅಂದ್ಕೊಂಡಿರ್ತಾರೆ, ಅಲ್ಲ, ಮಗು ಎಚ್ಚರವಾಗೇ ಇರುತ್ತೆ, ಮೂಗಿನ ಮೇಲೆ ಒಂದು ಮಾಸ್ಕ್ ಇಟ್ಟು ಮೂಗಲ್ಲೇ ಉಸಿರಾಡು ಪುಟ್ಟ ಅಂತಾರೆ, ಅದನ್ನ ಕೇಳಿ ಹಂಗೇ ಮಾಡೋ ಮಗುಗೆ ಅದ್ಭುತ. ನನ್ನೋನು ಮಾಸ್ಕ್ ಕಂಡ್ ತಕ್ಷಣ ಕುರ್ಚಿಯಿಂದ ಇಳಿದು ಬಾಗಿಲ ಹತ್ರ. ಅವ್ನು ಅಳೋಕೆ ಶುರು ಮಾಡಿದ್ರೆ ಬಾಯಲ್ಲೇ ಉಸಿರಾಡ್ತಾನೆ, ಆಗ ಗ್ಯಾಸ್ ಒಳಗೆ ಹೋಗೋದಾದ್ರೂ ಎಲ್ಲಿಂದ. ಮಗನಿಗೆ ಬ್ರಷ್ ಇಡೋಕೇ ಬಿಡಲ್ಲ ಅಂತೀರಾ, ಅಂದ್ಮೇಲೆ ಡ್ರಿಲ್ ಸೌಂಡು, ನೀರು ಚಿಮ್ಮೋದು, ಲೈಟು ಎಲ್ಲಾ ಒಟ್ಟಿಗೆ ಹೆಂಗೆ ತಡ್ಕೋತಾನೆ ಹೇಳಿ.

ಹಿಡ್ಕೊಂಡು ಮಾಡ್ಸೋದು ಮಾತ್ರ ಬೇಡವೇ ಬೇಡ. ನಮ್ ಪರಿಚಯದವ್ರ ಹುಡುಗಿಗೆ ಹಂಗೆ ಬಟ್ಟೆ ಸುತ್ತಿ ಕಟ್ಟಿ ಮಾಡ್ಸಿದ್ರು, ಆಮೇಲೆ ಆ ಮಗು ಬಿಳಿ ಕೋಟ್ ಹಾಕಿರೋ ಯಾರನ್ನ ಕಂಡ್ರೂ ಕಿರುಚುತ್ತೆ, ಲಸಿಕೆ ಹಾಕ್ಸೋಕೂ ಆಗಲ್ಲ. ಹಾಲು ಹಲ್ಲು ಬಿದ್ದೋಗುತ್ತೆ, ಆ ಭಯ ಎಲ್ಲಿ ಹೋಗುತ್ತೆ. ಅತ್ತೆಗೆ ಅದನ್ನೇ ಹೇಳಿ.

ನಾವು ಕೊನೆಗೆ ಆಸ್ಪತ್ರೆಲಿ ಜಿಎ ಮಾಡ್ಸಿದ್ವಿ. ಕೆಲ್ಸಕ್ಕೆ ಬಂದಿದ್ದು ಏನಂದ್ರೆ: ಬೆಳಿಗ್ಗೆ ಮೊದಲನೇ ಕೇಸ್ ಇವನ್ದೇ ಇರ್ಲಿ ಅಂತ ಬರ್ಸಿಕೊಂಡಿದ್ವಿ, ಖಾಲಿ ಹೊಟ್ಟೆಲಿ ಮಧ್ಯಾಹ್ನದವರೆಗೂ ಕಾಯ್ಸಿದ್ರೆ ಇವ್ರು ವಾರ್ಡನ್ನೇ ತಲೆ ಮೇಲೆ ಹೊತ್ಕೋತಾರೆ. ಆಸ್ಪತ್ರೆ ಬಾಗ್ಲು, ಲಿಫ್ಟು, ಮಂಚ, ಮಾಸ್ಕು ಎಲ್ಲಾ ಫೋಟೋ ತೆಗೆದು ಸಣ್ಣ ಪುಸ್ತಕದ ಥರ ಮಾಡಿ ದಿನಾ ರಾತ್ರಿ ತೋರಿಸ್ತಿದ್ವಿ. ಆಸ್ಪತ್ರೆ ಗೌನು ಹಾಕ್ಸಲ್ಲ, ಅವ್ನ ಹಳೇ ಮೆತ್ತನೆ ಟೀ ಶರ್ಟಲ್ಲೇ ಬರ್ತಾನೆ ಅಂತ ಮೊದ್ಲೇ ಕೇಳಿದ್ವಿ, ಒಪ್ಪಿದ್ರು. ಕೈಗೆ ಮರಗಟ್ಟಿಸೋ ಕ್ರೀಮು ಒಂದು ಗಂಟೆ ಮುಂಚೆ ಹಚ್ಚಿ ಪ್ಲಾಸ್ಟಿಕ್ ಅಂಟಿಸ್ತಾರೆ, ಅದನ್ನ ಇವ್ನು ಕಿತ್ತಾಕ್ತಾನೆ ಅಂತ ಮೇಲೆ ಸಾಕ್ಸ್ ಹಾಕಿದ್ವಿ ಕೈಗೆ. ಎದ್ದಾಗ ಅರ್ಧ ಗಂಟೆ ಸಿಕ್ಕಾಪಟ್ಟೆ ಗಲಾಟೆ ಮಾಡ್ದ, ಕೂಗಾಡಿ ಒದ್ದು, ನಾವ್ಯಾರು ಅಂತಾನೂ ಗೊತ್ತಿಲ್ಲದ ಥರ, ಅದೊಂದು ಮಾತ್ರ ನೋಡೋಕ್ಕಾಗಲ್ಲ, ಮೊದ್ಲೇ ಗೊತ್ತಿರ್ಲಿ ಅಂತ ಹೇಳ್ತಿದೀನಿ. ಆಮೇಲೆ ತಾನೇ ಸುಮ್ಮನಾಗಿ ನಿದ್ದೆ ಹೋದ.

ಪೀಡೋ_ಮೈಸೂರು

ನಾನು ಮಕ್ಕಳ ಹಲ್ಲಿನ ಡಾಕ್ಟ್ರು. ಮಗುನ ನೋಡದೆ ಇದೇ ಮಾಡಿ ಅಂತ ಹೇಳೋಕೆ ಬರಲ್ಲ, ಆದ್ರೆ ನೀವು ಕೊಟ್ಟಿರೋ ವಿವರಕ್ಕೆ ಮೆಡಿಕಲ್ ಕಾಲೇಜ್‌ನೋರು ಹೇಳಿದ್ದೇ ನನಗೂ ಸರಿ ಅನ್ಸುತ್ತೆ. 8 ಹಲ್ಲು, ಎರಡರಲ್ಲಿ ಕೀವು, ಎಕ್ಸ್‌ರೇಗೂ ಬಿಡ್ತಿಲ್ಲ. ಸಿಟ್ಟಿಂಗ್ ಸಿಟ್ಟಿಂಗ್ ಅಂತ ಮಾಡಿದ್ರೆ ಮೊದಲನೇದು ಹೇಗೋ ಆಗ್ಬಹುದು, ಎರಡನೇದಕ್ಕೆ ಮಗು ಕ್ಲಿನಿಕ್ ಮೆಟ್ಟಿಲೂ ಹತ್ತಲ್ಲ.

ಜಿಎ ಬೇಡದೇ ಇರೋ ದಾರಿಗಳೂ ಇವೆ, ಅದನ್ನ ಯಾಕೆ ಯಾರೂ ನಿಮಗೆ ಹೇಳಲಿಲ್ವೋ ಗೊತ್ತಿಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ 38 ಪರ್ಸೆಂಟಿನ ಒಂದು ದ್ರಾವಣ, ಸಣ್ಣ ಬ್ರಷ್ಷಲ್ಲಿ ಹುಳುಕಿನ ಮೇಲೆ ಒಂದು ನಿಮಿಷ ಹಚ್ಚಿದ್ರೆ ಸಾಕು, ಡ್ರಿಲ್ ಇಲ್ಲ ಸೂಜಿ ಇಲ್ಲ, ಹುಳುಕು ಮುಂದಕ್ಕೆ ಹೋಗೋದು ಎಷ್ಟೋ ಸಲ ನಿಲ್ಲುತ್ತೆ. ಹಚ್ಚಿದ ಜಾಗ ಮಾತ್ರ ಕಪ್ಪಾಗುತ್ತೆ, ಅದು ಹೋಗಲ್ಲ, ದವಡೆ ಹಲ್ಲಾದ್ರೆ ಯಾರಿಗೆ ಕಾಣುತ್ತೆ ಬಿಡಿ. ಹಾಲ್ ಟೆಕ್ನಿಕ್ ಅಂತ ಇನ್ನೊಂದು, ಹುಳುಕನ್ನ ಕೆರೆಯದೇ ಅದ್ರ ಮೇಲೇ ಸ್ಟೀಲ್ ಕ್ಯಾಪ್ ಒತ್ತಿ ಕೂರಿಸೋದು. ಆದ್ರೆ ಇವೆರಡೂ ನೋವು, ಕೀವು ಇಲ್ಲದ ಹಲ್ಲಿಗೆ ಮಾತ್ರ. ಕೀವು ಬಂದಿರೋ ಎರಡಕ್ಕೆ ಇದು ಆಗಲ್ಲ, ಅವನ್ನ ಕೀಳ್ಬೇಕು ಅಥ್ವಾ ರೂಟ್ ಕೆನಾಲ್ ಥರ ಮಾಡಿ ಕ್ಯಾಪ್ ಹಾಕ್ಬೇಕು. ಓಟಿ ಡೇಟ್ ಸಿಗೋಕೆ ತಡ ಆಗುತ್ತೆ ಅಂದ್ರೆ ಮಿಕ್ಕ ಹಲ್ಲಿಗೆ ಈ ದ್ರಾವಣ ಹಚ್ಚಿ ತಡೆದು ಇಡಬಹುದು, ಕೇಳಿ ನೋಡಿ. ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಕೊಟ್ಟು ದಿನ ತಳ್ಳೋದು ಬೇಡ, ಕಾರಣ ಹಲ್ಲಲ್ಲೇ ಕೂತಿರುತ್ತೆ. ಮುಖ ಊದ್ಕೊಂಡ್ರೆ, ಜ್ವರ ಬಂದ್ರೆ, ಕಣ್ಣಿನ ಕೆಳಗಡೆವರೆಗೂ ಊತ ಏರಿದ್ರೆ, ಬಾಯಿ ತೆಗೆಯೋಕೆ ನುಂಗೋಕೆ ಆಗ್ದೇ ಇದ್ರೆ ಡೇಟ್‌ಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಜಿಎ ಅಂತ ಆದ್ರೆ ಒಂದು ಮಾತು ಮೊದ್ಲೇ ಆಗ್ಬೇಕು. ಮಗು ಮಲಗಿದ ಮೇಲೆ ಓಟಿಲೇ ಎಕ್ಸ್‌ರೇ ತೆಗೀತೀವಿ, ಆಗ 8 ಅಂದಿದ್ದು 10 ಆಗಬಹುದು, ಉಳಿಸೋಣ ಅಂದಿದ್ದನ್ನ ಕೀಳ್ಬೇಕಾಗಬಹುದು. ನಾವು ಓಟಿಯಲ್ಲಿ ಸ್ವಲ್ಪ ಕಟುಕರ ಥರಾನೇ ಯೋಚ್ನೆ ಮಾಡ್ತೀವಿ, ಅನುಮಾನ ಇರೋ ಹಲ್ಲಿಗೆ ಸಿಮೆಂಟ್ ತುಂಬಿಸಿ ನೋಡೋಣ ಅನ್ನಲ್ಲ, ಸೀದಾ ಕ್ಯಾಪ್, ಯಾಕಂದ್ರೆ ವರ್ಷ ಬಿಟ್ಟು ಅದೇ ಹಲ್ಲಿಗೆ ಮತ್ತೆ ಮಲಗಿಸೋದು ಯಾರಿಗೂ ಬೇಡ. ಕನ್ಸೆಂಟ್‌ಗೆ ಸೈನ್ ಹಾಕೋವಾಗ್ಲೇ ಇದನ್ನೆಲ್ಲ ಕೂತು ಕೇಳ್ಕೊಳಿ. ಹಂಗೇ ಮಗುಗೆ ರಕ್ತ ಪರೀಕ್ಷೆ, ಕಿವಿ ಪರೀಕ್ಷೆ, ಉಗುರು ಕೂದ್ಲು ಕತ್ತರಿಸೋದು ಬಾಕಿ ಇದ್ರೆ ಅದೇ ನಿದ್ದೆಲಿ ಮುಗಿಸ್ಬಹುದಾ ಕೇಳಿ, ತುಂಬ ಕಡೆ ಒಪ್ತಾರೆ.

ಮರಗಟ್ಟಿಸೋ ಇಂಜೆಕ್ಷನ್‌ಗೆ ತುಟಿ ಜೋಮು ಹಿಡಿದಿದ್ರೆ ಮಗು ಅದನ್ನೇ ಕಚ್ಚಿ ಗಾಯ ಮಾಡ್ಕೊಳುತ್ತೆ, ಮಾತು ಬರದ ಮಕ್ಳಲ್ಲಿ ಇದು ಜಾಸ್ತಿ, ಜೋಮು ಹೋಗೋವರೆಗೂ ಒಬ್ರು ಪಕ್ಕದಲ್ಲೇ ಇರಿ.

ಗ್ಯಾಸ್_ಡಾಕ್ಟ್ರು

ಅನಸ್ತೇಶಿಯಾ ನನ್ ಕೆಲ್ಸ, ಮಕ್ಕಳ ಕೇಸೇ ಜಾಸ್ತಿ. ಅಮ್ಮ, ನಿಮ್ ಪ್ರಶ್ನೆನ ನಾನು ಸ್ವಲ್ಪ ತಿರುಗಿಸ್ತೀನಿ. ಗ್ಯಾಸಾ, ಸೂಜಿನಾ, ಜಿಎನಾ ಅನ್ನೋದಕ್ಕಿಂತ ಮೊದ್ಲು ಕೇಳ್ಬೇಕಾಗಿರೋದು, ಮಗುವಿನ ಉಸಿರಾಟನ ಯಾರು ನೋಡ್ಕೋತಾರೆ, ಏನಾದ್ರೂ ಎಡವಟ್ಟಾದ್ರೆ ಅವ್ರ ಕೈಗೆ ಏನೇನು ಸಿಗುತ್ತೆ ಅಂತ.

ಸೆಡೇಷನ್ ಅಂದ್ರೆ ಜಿಎಗಿಂತ ಹಗುರ, ಹಂಗಾಗಿ ಸೇಫ್ ಅಂತ ಜನ ತಿಳ್ಕೊಂಡಿದಾರೆ, ಕೆಲವು ಕ್ಲಿನಿಕ್‌ಗಳೂ ಹಂಗೇ ಹೇಳಿ ಒಪ್ಪಿಸ್ತಾರೆ, ಅದೇ ನನಗೆ ಸಿಟ್ಟು ಬರೋದು. ಸೆಡೇಷನ್‌ಗೂ ಜಿಎಗೂ ನಡುವೆ ಗೋಡೆ ಇಲ್ಲ. ಸೂಜೀಲಿ ಕೊಡೋದು ಮಿಡಜೋಲಮ್, ಕೆಟಮಿನ್, ಪ್ರೊಪೊಫಾಲ್ ಇಂಥವೇ. ಇಷ್ಟು ಕೊಟ್ರೆ ತೂಕಡಿಸ್ತಾನೆ, ಇನ್ನೊಂದ್ ಚೂರು ಕೊಟ್ರೆ ಪೂರ್ತಿ ಮಲಗ್ತಾನೆ, ಅದ್ರ ಮೇಲೆ ಇನ್ನೊಂದ್ ಚೂರು ಹೋದ್ರೆ ಉಸಿರು ನಿಲ್ಲುತ್ತೆ. ನಿಮ್ಮ ಮಗನ ಥರದ ಮಗು 8 ಹಲ್ಲಿನ ಕೆಲ್ಸಕ್ಕೆ ಅಲ್ಲಾಡದೆ ಮಲಗ್ಬೇಕು ಅಂದ್ರೆ ತೂಕಡಿಕೆ ಸಾಲಲ್ಲ, ಆಳವಾಗೇ ಹೋಗ್ಬೇಕಾಗುತ್ತೆ, ಹೆಸರು ಸೆಡೇಷನ್ ಅಂತಿದ್ರೂ. ಅಂಥ ನಿದ್ದೆಲಿ ಟ್ಯೂಬ್ ಇಲ್ದೆ ಬಾಯಲ್ಲಿ ಡ್ರಿಲ್ ನೀರು, ರಕ್ತ, ಹಲ್ಲಿನ ಚೂರು. ನಮ್ ದಾರಿ ಮತ್ತೆ ಹಲ್ಲಿನ ಡಾಕ್ಟ್ರ ದಾರಿ ಒಂದೇ ಬಾಯಿ. ಒಂದು ಹನಿ ಗಂಟಲ ಒಳಗಿನ ಸ್ವರತಂತು ಮೇಲೆ ಬಿದ್ರೂ ಅದು ಗಪ್ ಅಂತ ಮುಚ್ಕೊಂಡು ಗಾಳಿನೇ ಒಳಗೆ ಹೋಗಲ್ಲ. ಸರಿಯಾಗಿ ಕೊಟ್ಟ ಜಿಎಲಿ ಮೂಗಿನಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕಿರ್ತೀವಿ, ಗಂಟಲಲ್ಲಿ ಬ್ಯಾಂಡೇಜ್ ಥರದ ಬಟ್ಟೆ ಇಟ್ಟು ಕೊನೆಗೆ ಎಣಿಸಿ ತೆಗೀತೀವಿ, ಬಾಯಲ್ಲಿ ಏನೇ ಆದ್ರೂ ಶ್ವಾಸಕೋಶಕ್ಕೆ ಇಳಿಯೋ ಭಯ ತೀರಾ ಕಮ್ಮಿ. ಹಾಗಾಗಿ ಉದ್ದದ ಕೆಲ್ಸಕ್ಕೆ ನಾನು ಜಿಎನೇ ಸೇಫ್ ಅಂತೀನಿ. ಮೂಗಲ್ಲಿ ಒಂಚೂರು ರಕ್ತ, ಎರಡು ದಿನ ಗಂಟಲು ನೋವು, ವಾಂತಿ ಇವು ಇರ್ತವೆ, ಮುಚ್ಚಿಡಲ್ಲ.

ಕ್ಲಿನಿಕ್ಕಲ್ಲಿ ಮಾಡೋದೇ ತಪ್ಪು ಅಂತಲ್ಲ, ಒಳ್ಳೆ ಸೆಟಪ್ ಇರೋ ಕಡೆ ನಾನೂ ಹೋಗಿ ಕೊಟ್ಟಿದೀನಿ. ಆದ್ರೆ ಕೇಳಿ: ಅನಸ್ತೇಶಿಯಾ ಡಾಕ್ಟ್ರು ಅದ್ರಲ್ಲೇ ಓದಿದಾರಾ, ಎಂಡಿನಾ (ಡಿಗ್ರಿ) ಡಿಎನಾ (ಡಿಪ್ಲೊಮಾ), ಮಕ್ಕಳ ಕೇಸ್ ಮಾಡ್ತಾರಾ, ಮಗು ಪೂರ್ತಿ ಎಚ್ಚರ ಆಗೋವರೆಗೂ ಅಲ್ಲೇ ಇರ್ತಾರಾ ಇಲ್ಲ ಇನ್ನೊಂದು ಕೇಸ್‌ಗೆ ಓಡ್ತಾರಾ. ಹಲ್ಲಿನ ಡಾಕ್ಟ್ರೇ ಔಷಧಿನೂ ಕೊಟ್ಟು ಹಲ್ಲೂ ಮಾಡ್ತೀನಿ ಅಂದ್ರೆ ಎದ್ದು ಬನ್ನಿ, ಒಬ್ರು ಎರಡು ಕೆಲ್ಸ ನೋಡೋಕಾಗಲ್ಲ, ಅಮೆರಿಕದ ಮಕ್ಕಳ ಡಾಕ್ಟರುಗಳು ಮತ್ತು ಹಲ್ಲಿನ ಡಾಕ್ಟರುಗಳ ಸಂಘ 2019ರಲ್ಲಿ ತಿದ್ದಿದ ನಿಯಮದಲ್ಲೂ ಆಳವಾದ ಸೆಡೇಷನ್‌ಗೆ ಬೇರೆಯವ್ರೇ ಇರ್ಬೇಕು ಅಂತಾನೇ ಇದೆ. ಆಕ್ಸಿಜನ್, ಬಾಯಿಂದ ನೀರು ರಕ್ತ ಎಳೆಯೋ ಸಕ್ಷನ್, ಮಕ್ಕಳ ಸೈಜಿನ ಮಾಸ್ಕು ಟ್ಯೂಬು, ಹೃದಯಕ್ಕೆ ಶಾಕ್ ಕೊಡೋ ಡೀಫಿಬ್ರಿಲೇಟರು, ಉಸಿರಲ್ಲಿ ಹೊರಗೆ ಬರೋ ಕಾರ್ಬನ್ ಡೈಆಕ್ಸೈಡ್ ತೋರಿಸೋ ಮಾನಿಟರು ಇದ್ಯಾ. ಆಕ್ಸಿಜನ್ ನೋಡೋಕೆ ಬೆರಳಿಗೆ ಹಾಕೋ ಕ್ಲಿಪ್ ಒಂದೇ ಸಾಲಲ್ಲ, ಉಸಿರು ನಿಂತು ಎಷ್ಟೋ ಹೊತ್ತಾದ್ಮೇಲೆ ಅದ್ರಲ್ಲಿ ನಂಬರ್ ಇಳಿಯೋದು. ಹತ್ತಿರದ ಮಕ್ಕಳ ಐಸಿಯು ಎಷ್ಟು ದೂರ, ಬೆಂಗಳೂರು ಟ್ರಾಫಿಕಲ್ಲಿ ಎಷ್ಟು ಹೊತ್ತು. ಫಿಟ್ಸ್ ಇರೋ ಮಗುಗೆ ನಾನಂತೂ ಆಸ್ಪತ್ರೆ ಬಿಟ್ಟು ಕದಲಲ್ಲ.

ಲಾಫಿಂಗ್ ಗ್ಯಾಸ್ ಬಗ್ಗೆ ಮೇಲೆ ಅವಳಿ ಮಕ್ಳಮ್ಮ ಸರಿಯಾಗೇ ಹೇಳಿದಾರೆ. ಒಂದು ಸೇರಿಸ್ತೀನಿ, ನೈಟ್ರಸ್, ಅಂದ್ರೆ ಇದೇ ಗ್ಯಾಸು, ದೇಹದಲ್ಲಿರೋ ಬಿ12ನ ಕೆಲ್ಸಕ್ಕೆ ಬರದ ಹಾಗೆ ಮಾಡುತ್ತೆ. ಆಟಿಸಂ ಮಕ್ಳು ಎಷ್ಟೋ ಜನ ಅನ್ನ ಚಿಪ್ಸು ಬಿಸ್ಕತ್ತು ಬಿಟ್ರೆ ಬೇರೆ ಮುಟ್ಟಲ್ಲ, ಬಿ12 ಮೊದ್ಲೇ ಕಮ್ಮಿ ಇರಬಹುದು, ಅದನ್ನ ಡಾಕ್ಟ್ರಿಗೆ ಹೇಳ್ಬೇಕು.

ನಿಮ್ಮೆಜಮಾನ್ರ ಭಯಕ್ಕೆ: ಅಮೆರಿಕದಲ್ಲಿ ಔಷಧಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರ ಡಿಸೆಂಬರಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದು ನಿಜ, ಅದು 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆ ಮೀರಿದ ಅಥವಾ ಪದೇ ಪದೇ ಕೊಡೋ ಅನಸ್ತೇಶಿಯಾ ಬಗ್ಗೆ. ಎಳೆ ಮಕ್ಕಳಿಗೆ ಒಂದೇ ಸಲ, ಒಂದು ಗಂಟೆ ಒಳಗೆ ಕೊಟ್ಟು 5 ವರ್ಷದವರೆಗೂ ಗಮನಿಸಿದ ದೊಡ್ಡ ಅಧ್ಯಯನ 2019ರಲ್ಲಿ ಬಂತು, ಬುದ್ಧಿ ಬೆಳವಣಿಗೆಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮೋನಿಗೆ 7. ಮಾತು ನಿಂತೋಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಕೆಲವು ದಿನ ನಿದ್ದೆ ಏರುಪೇರು, ಹಠ, ಅಮ್ಮನ್ನ ಬಿಡದೇ ಇರೋದು ಆಗುತ್ತೆ, ತಾನೇ ಸರಿ ಹೋಗುತ್ತೆ. ಅವ್ರಿಗೆ ಹೇಳಿ, ನೋವಲ್ಲಿ ತಿಂಗಳುಗಟ್ಟಲೆ ನಿದ್ದೆ ಊಟ ಬಿಟ್ಟಿರೋ ಮಗು ಥೆರಪಿಲಿ ಏನು ಕಲಿಯುತ್ತೆ ಅಂತ.

ಮಲಗಿಸೋ ಮುಂಚೆ ಬಾಯಿಗೆ ಮಿಡಜೋಲಮ್ ಕೊಡ್ತೀವಿ, 20-30 ನಿಮಿಷಕ್ಕೆ ಹಿಡಿಯುತ್ತೆ, ಕಹಿ, ಹಾಗಾಗಿ ಅವ್ನು ಯಾವ ಜ್ಯೂಸ್ ಕುಡೀತಾನೆ ಅಂತ ಹೇಳಿ, ತಿಳಿ ಜ್ಯೂಸ್ ಆದ್ರೆ ಅದ್ರಲ್ಲೇ ಒಂದೆರಡು ಚಮಚ ಬೆರೆಸ್ತೀವಿ. ಉಗಿಯೋ ಮಗು ಆದ್ರೆ ಡೆಕ್ಸ್‌ಮೆಡಿಟೊಮಿಡಿನ್ ಅಂತ ಇದೆ, ಮೂಗಿಗೆ ಹನಿ ಹಾಕೋದು, ಉರಿ ಇಲ್ಲ, ಅರ್ಧ ಮುಕ್ಕಾಲು ಗಂಟೆ ಮುಂಚೆ ಕೊಡ್ಬೇಕು. ನೀವೂ ಓಟಿ ಒಳಗೆ ಬಂದು ಅವ್ನು ಮಲಗೋವರೆಗೂ ಕೈ ಹಿಡ್ಕೊಂಡಿರ್ಬಹುದಾ ಅಂತ ಕೇಳಿ, ಕೆಲವು ಕಡೆ ಬಿಡ್ತಾರೆ ಕೆಲವು ಕಡೆ ಬಿಡಲ್ಲ.

ಧಾರವಾಡದಾಂವ

ಅಕ್ಕಾರ, ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಐತಿ. ನಿಮ್ಮ ಹುಡುಗಂದು ಬ್ಯಾರೆ, ನಮ್ಮದು ಬ್ಯಾರೆ, ಆದ್ರ ಓದಾಕ ಬರೋರಿಗೆ ಉಪಯೋಗ ಆದೀತು ಅಂತ ಬರ್ಯಾಕತ್ತೇನಿ. ಡೌನ್ ಇದ್ದ ಮಕ್ಕಳೊಳಗ ಹೆಚ್ಚು ಕಮ್ಮಿ ಅರ್ಧದಷ್ಟು ಮಕ್ಕಳಿಗೆ ಹೃದಯದಾಗ ತೊಂದರೆ ಇರ್ತೈತಿ, ನಮ್ಮಾಕಿಗೂ ತೂತಿತ್ತು, ಸಣ್ಣಾಕಿ ಇದ್ದಾಗ ಮುಚ್ಚಿಸೇವಿ. ಹಂಗಾಗಿ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟು, ಹೃದಯದ ಡಾಕ್ಟರ್ ಚೀಟಿ ಇಲ್ದ ಯಾರೂ ಕೈ ಹಚ್ಚಲಿಲ್ಲ, ಹಚ್ಚಬಾರ್ದೂ ಕೂಡ. ಕೆಲವು ಥರದ ಹೃದಯದ ಮಕ್ಕಳಿಗೆ ಹಲ್ಲು ಕೀಳೂ ಮುಂಚೆ ಆಂಟಿಬಯಾಟಿಕ್ ಕೊಡಬೇಕಾಗ್ತದ, ಎಲ್ಲಾರಿಗೂ ಅಲ್ಲ, ಅದನ್ನ ಅವರ ಕಡೆನ ಬರಸ್ಕೋರಿ. ಇನ್ನೊಂದು ಕುತ್ತಿಗಿ. ಈ ಮಕ್ಕಳೊಳಗ ಕೆಲವ್ರಿಗೆ ಕುತ್ತಿಗಿ ಮ್ಯಾಲಿನ ಎರಡು ಎಲುಬು ಸಡಲ ಇರ್ತಾವಂತ, ಮಲಗಿಸಿ ತಲಿ ಹಿಂದಕ್ಕ ಭಾಳ ಬಗ್ಗಿಸಿದ್ರ ನರಕ್ಕ ಪೆಟ್ಟು ಬೀಳಬಹುದು. ಮಗಳು ರಾತ್ರಿ ಗೊರಕಿ ಹೊಡಿತಾಳೇನು, ನಿದ್ದಿಯೊಳಗ ಉಸಿರು ನಿಲ್ತೈತೇನು ಅಂತ ಅನಸ್ತೇಶಿಯಾದವ್ರು ಕುಂತು ಕೇಳಿದ್ರು. ಇಷ್ಟು ಕೇಳೋ ಡಾಕ್ಟರ್ ಸಿಕ್ಕರ ಅಲ್ಲೇ ಮಾಡಸ್ರಿ. ಬರೇ ಫೀಸ್ ಹೇಳಿ ಡೇಟ್ ಕೊಡವ್ರ ಕಡೆ ಹೋಗಬ್ಯಾಡ್ರಿ.

ರೊಕ್ಕದ ಮಾತಿಗೆ ಬಂದ್ರ ನಿರಾಮಯ ಅಂತ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿಂದು ಇನ್ಶೂರೆನ್ಸ್ ಐತಿ, ವರ್ಷಕ್ಕ 1 ಲಕ್ಷದ ತನಕ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಒಂದಕ್ಕಿಂತ ಹೆಚ್ಚು ಅಂಗವಿಕಲತೆ, ಈ ನಾಲ್ಕಕ್ಕ. ಮದ್ಲ ನಾವ ಕಟ್ಟಿ ಆಮ್ಯಾಲೆ ಬಿಲ್ ಹಾಕಿ ತಗೋಬೇಕು. ಒಳಗ ಒಂದೊಂದಕ್ಕ ಇಷ್ಟ ಅಂತ ಮಿತಿ ಅದಾವ, ಹಲ್ಲಿಂದು ಎಷ್ಟು ಬರ್ತದ ಅಂತ ಮದ್ಲ ಫೋನ್ ಹಚ್ಚಿ ಕೇಳ್ರಿ, ಡಿಸ್ಚಾರ್ಜ್ ಆದಮ್ಯಾಲೆ ಜಗಳ ತಗಿಯೋದು ಬ್ಯಾಡ. ಡೆಂಟಲ್ ಕಾಲೇಜಿನಾಗ ಖರ್ಚು ಕಮ್ಮಿ. ಧಾರವಾಡ, ಮಣಿಪಾಲ, ಮಂಗಳೂರು, ದಾವಣಗೆರೆ, ಮೈಸೂರು, ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು ಎಲ್ಲಾ ಕಡೆ ಮಕ್ಕಳ ಹಲ್ಲಿನ ವಿಭಾಗ ಅದಾವ. ಬಾಜೂಕ ದೊಡ್ಡ ಆಸ್ಪತ್ರಿ ಇದ್ದಲ್ಲಿ ಕೇಳೂದು ಚಲೋ.

ಲೀಡ್ಸ್_ಕನ್ನಡಿಗ

ಇಲ್ಲಿ ಇಂಗ್ಲೆಂಡಲ್ಲೂ ಮೊದ್ಲು ಹಲ್ಲಿನ ಕ್ಲಿನಿಕ್ಕಲ್ಲೇ ಜಿಎ ಕೊಡ್ತಿದ್ರಂತೆ, ಮಕ್ಕಳು ಸತ್ತ ಕೇಸ್‌ಗಳಾಗಿ 2000ದಲ್ಲಿ ಒಂದು ರಿಪೋರ್ಟ್ ಬಂತು, 2001ರ ಕೊನೆಗೆ ಪೂರ್ತಿ ನಿಲ್ಸಿಬಿಟ್ರು. ಈಗ ಹಲ್ಲಿಗೆ ಜಿಎ ಅಂದ್ರೆ ಐಸಿಯು ಇರೋ ಆಸ್ಪತ್ರೆ ಮಾತ್ರ. ದುಡ್ಡು ಕೊಡೋ ಹಾಗಿಲ್ಲ, ಆದ್ರೆ ಕ್ಯೂ ನೋಡಿದ್ರೆ ಅಲ್ಲಿಗೇ ಬಂದು ಮಾಡಿಸೋಣ ಅನ್ಸುತ್ತೆ, ನನ್ ತಂಗಿ ಮಗ ಇನ್ನೂ ಲಿಸ್ಟಲ್ಲೇ ಇದಾನೆ. ಬರೀ ನೀರನ್ನ ಇಲ್ಲಿ ಅನಸ್ತೇಶಿಯಾಗೆ ಒಂದು ಗಂಟೆ ಮುಂಚಿನವರೆಗೂ ಕುಡಿಸ್ಬಹುದು ಅಂತಾರೆ, ಅಲ್ಲಿ ಎರಡು ಗಂಟೆ ಇರಬಹುದು, ಕೇಳ್ಕೊಳಿ, ಸುಮ್ನೆ ರಾತ್ರಿಯಿಂದ ನೀರೂ ಕೊಡದೆ ಒಣಗಿಸ್ಬೇಡಿ.

ಹಾಸನದ_ಅಮ್ಮ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಗ್ಯಾಸ್ ಡಾಕ್ಟ್ರು ಬರ್ದಿದ್ದನ್ನ ಯಜಮಾನ್ರಿಗೆ ಎರಡು ಸಲ ಓದಿ ಹೇಳ್ದೆ, ಬೆಂಗಳೂರು ಕ್ಲಿನಿಕ್‌ಗೆ ಫೋನ್ ಮಾಡಿ ಆ ಮಾನಿಟರ್ ಇದ್ಯಾ ಅಂತ ಕೇಳಿದ್ದಕ್ಕೆ ರಿಸೆಪ್ಷನ್ ಹುಡುಗಿ ನೀವು ಬನ್ನಿ ಮೇಡಂ ಎಲ್ಲಾ ಇದೆ ಅಂದ್ಲು ಅಷ್ಟೇ, ಡಾಕ್ಟ್ರು ಲೈನಿಗೆ ಬರ್ಲೇ ಇಲ್ಲ. ಮೆಡಿಕಲ್ ಕಾಲೇಜಲ್ಲೇ ಮಾಡ್ಸೋದು ಅಂತ ಇಬ್ರೂ ಒಪ್ಕೊಂಡಿದೀವಿ. ಎರಡು ಡೌಟು. ಬೆಳಿಗ್ಗೆ ಖಾಲಿ ಹೊಟ್ಟೆ ಅಂದ್ರೆ ಫಿಟ್ಸ್ ಸಿರಪ್ ಕೊಡೋದಾ ಬೇಡ್ವಾ? ಮತ್ತೆ ನಿನ್ನೆಯಿಂದ ಮೂಗು ಸೋರ್ತಿದೆ, ಡೇಟ್ ಕೊಟ್ಟಾಗ ಸ್ವಲ್ಪ ಇದ್ರೆ ಹೇಳ್ಬೇಕಾ? ಹೇಳಿದ್ರೆ ಎಲ್ಲಿ ಮುಂದಕ್ಕೆ ಹಾಕ್ತಾರೋ ಅಂತ.

ಗ್ಯಾಸ್_ಡಾಕ್ಟ್ರು

ಸಿರಪ್ ಕೊಡ್ಲೇಬೇಕು, ಬಿಟ್ರೆ ಅದೇ ದಿನ ಫಿಟ್ಸ್ ಬರೋ ಚಾನ್ಸ್ ಜಾಸ್ತಿ. ಎಷ್ಟೊತ್ತಿಗೆ ಕೊಡ್ಬೇಕು ಅಂತ ಹಿಂದಿನ ದಿನ ನೋಡೋ ಅನಸ್ತೇಶಿಯಾ ಡಾಕ್ಟ್ರ ಹತ್ರ ಬರೆಸ್ಕೊಳಿ, ಸಾಮಾನ್ಯವಾಗಿ ಬೆಳಗಿನ ಡೋಸ್‌ನ ಒಂದು ಗುಟುಕು ನೀರಿನ ಜೊತೆ ಕೊಡಿ ಅಂತೀವಿ. ಹಾಲು, ಗಂಜಿ, ಬಿಸ್ಕತ್ತು ಎಲ್ಲಾ 6 ಗಂಟೆ ಮುಂಚೆ ಬಂದ್, ಮನೆಲಿ ಅಜ್ಜಿ ಇದ್ರೆ ಅವ್ರಿಗೂ ಹೇಳಿ, ಮಗು ಹಸ್ಕೊಂಡಿದೆ ಅಂತ ಗುಟ್ಟಾಗಿ ಒಂದು ಬಿಸ್ಕತ್ತು ಕೊಟ್ಟು ಆಮೇಲೆ ಓಟಿ ಬಾಗಿಲಲ್ಲಿ ಬಾಯಿ ಬಿಡೋದು ನಮಗೆ ಹೊಸದಲ್ಲ. ವ್ಯಾಲ್ಪ್ರೊಯೇಟ್ ಕೆಲವು ಮಕ್ಕಳಲ್ಲಿ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಮ್ಮಿ ಮಾಡುತ್ತೆ, ಹಲ್ಲು ಕೀಳೋದಿರೋದ್ರಿಂದ ರಕ್ತ ಪರೀಕ್ಷೆಲಿ ಅದನ್ನೂ ಸೇರಿಸಿ ಅನ್ನಿ.

ನೆಗಡಿ ಖಂಡಿತಾ ಹೇಳಿ. ಬರೀ ನೀರಿನ ಥರ ಮೂಗು ಸೋರ್ತಿದ್ದು ಮಗು ಚುರುಕಾಗಿದ್ರೆ ನೋಡಿ ಮುಂದುವರೆಸ್ತೀವಿ. ಜ್ವರ, ಕಫದ ಕೆಮ್ಮು, ಎದೇಲಿ ಗೊರಗೊರ ಇದ್ರೆ ಮುಂದಕ್ಕೆ ಹಾಕೋದೇ, ಎರಡರಿಂದ ನಾಲ್ಕು ವಾರ. ಆ ಟೈಮಲ್ಲಿ ಶ್ವಾಸನಾಳ ತುಂಬಾ ಸೂಕ್ಷ್ಮ ಇರುತ್ತೆ, ನಾನು ಮೇಲೆ ಬರ್ದ ಗಂಟಲು ಗಪ್ ಅಂತ ಮುಚ್ಕೊಳೋದು ಆಗೋದು ಆಗ್ಲೇ. ಮೂಗಿಂದಾನೇ ಟ್ಯೂಬ್ ಹಾಕೋದು ಬೇರೆ. ಈಗ್ಲೇ ಫೋನ್ ಮಾಡಿ ಪ್ರೀ ಅನಸ್ತೇಶಿಯಾ ಓಪಿಡಿ (ಮಲಗಿಸೋ ಮುಂಚೆ ಮಗುನ ಪರೀಕ್ಷೆ ಮಾಡೋದು) ಯಾವತ್ತು ಅಂತ ಕೇಳಿ, ಹೋಗ್ವಾಗ ಫಿಟ್ಸ್ ಡಾಕ್ಟ್ರ ನ್ಯೂರೋ ಫೈಲು, ಇಇಜಿ (ಮೆದುಳಿನ ಅಲೆಗಳ ರಿಪೋರ್ಟು), ಸಿರಪ್ ಬಾಟಲಿ ಮೂರೂ ತಗೊಂಡ್ ಹೋಗಿ. ಹೆಸರು ಅಷ್ಟೇ ಹೇಳಿದ್ರೆ ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಅಂತ ನಮಗೆ ಗೊತ್ತಾಗಲ್ಲ.